ಲೆಕ್ಕದ ಮಾಸ್ತರ ಬಾರದ ಸೀಮೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಯಾದಗಿರಿ ಕಡೆಯವರು ಜಿಲ್ಲೆಗಳ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಕೊನೆಯ ಸಾಲಿನಲ್ಲಿ ಈ ಸಲವೂ ನಮ್ಮ ಹೆಸರೇ ಇದೆಯೋ, ಇಲ್ಲ ಬೇರೆ ಯಾರಾದರೂ ಆ ಜಾಗಕ್ಕೆ ಬಂದರೋ ಎಂದು ನೋಡುವುದು ಅಭ್ಯಾಸವಾಗಿ ಹೋಗಿದೆ. 2018ರಲ್ಲಿ ಶೇ. 35.54, 2019ರಲ್ಲಿ ಶೇ. 53.95. ಎರಡೂ ಸಲ ರಾಜ್ಯಕ್ಕೇ ಕೊನೆ. 2023ರಲ್ಲಿ ಶೇ. 75.49ಕ್ಕೆ ಏರಿದೆವು, ಆಗಲೂ ಕೊನೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು. ಇಡೀ ರಾಜ್ಯದ ಫಲಿತಾಂಶ ಕುಸಿಯಿತು, ನಾವು ಶೇ. 50.59ಕ್ಕೆ ಇಳಿದೆವು, ಮತ್ತೆ ಕೊನೆ. 2025ರಲ್ಲಿ ಶೇ. 42.43 ಪಡೆದ ಕಲಬುರಗಿ ನಮ್ಮನ್ನು ಆ ಜಾಗದಿಂದ ಬಿಡಿಸಿತು. ಅಣ್ಣನೊಬ್ಬ ತಮ್ಮನ ಸಾಲವನ್ನು ತನ್ನ ತಲೆಯ ಮೇಲೆ ಹಾಕಿಕೊಂಡ ಹಾಗೆ.

ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಶಹಾಪುರ, ಸುರಪುರದ ಯಾವ ಹೈಸ್ಕೂಲಿಗೆ ಹೋಗಿ ಕೇಳಿದರೂ ಮೊದಲು ಬರುವ ಉತ್ತರ ಗಣಿತ. ಯಾಕೆ ಎಂದು ಕೇಳಿದರೆ, ‘ಪಿಸಿಎಂ ಪೋಸ್ಟ್ ಖಾಲಿ ಅದರಿ’ ಎನ್ನುತ್ತಾರೆ. ನಮ್ಮ ಶಾಲೆಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಬಂದು, ಗಣಿತ ಮತ್ತು ವಿಜ್ಞಾನ ಕಲಿಸುವವರನ್ನು ಕರೆಯುವುದೇ ಹಾಗೆ, ಪಿಸಿಎಂ ಮಾಸ್ತರ ಎಂದು. ಹುದ್ದೆ ಖಾಲಿ ಇದೆ ಎನ್ನುವುದು ಕಚೇರಿಯ ಮಾತು. ಅದು ಎಂದಿನಿಂದ ಖಾಲಿ, ಯಾಕೆ ತುಂಬಲಿಲ್ಲ ಎಂದು ಕೇಳಹೊರಟರೆ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಎಷ್ಟು ಹಿಂದಕ್ಕೆ? ಬೇಕಿದ್ದರೆ ವಿಭೂತಿಹಳ್ಳಿಯ ತನಕ ಹೋಗಬಹುದು. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯ ಬದಿಯಲ್ಲಿ ದೊಡ್ಡ ದೊಡ್ಡ ಗುಂಡುಕಲ್ಲುಗಳು ಸಾಲಾಗಿ ಬಿದ್ದುಕೊಂಡಿವೆ. ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಅವು ಬರೀ ಕಲ್ಲು. ಇಳಿದು ಒಂದು ಮೂಲೆಯಲ್ಲಿ ನಿಂತು ನೋಡಿದರೆ ಉದ್ದಕ್ಕೂ ಸಾಲು, ಅಡ್ಡಕ್ಕೂ ಸಾಲು, ಓರೆಗೂ ಸಾಲು ಕಾಣುತ್ತವೆ. ಕಬ್ಬಿಣಯುಗದ ಬೃಹತ್ ಶಿಲಾ ಸಂಸ್ಕೃತಿಯ ಜನ ಮಾಡಿದ ಕೆಲಸ ಇದು. ಗ್ರಹ ನಕ್ಷತ್ರಗಳನ್ನು ನೋಡಲು ಹೀಗೆ ಇಟ್ಟಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಯಾಕೆ ಇಟ್ಟರೋ ಇರಲಿ, ಆದರೆ ಹಗ್ಗ ಹಿಡಿದು ಅಳೆಯದೆ ಇಷ್ಟು ಕಲ್ಲುಗಳನ್ನು ಹೀಗೆ ಇಡಲು ಬರುವುದಿಲ್ಲ. ಶಹಾಪುರದ ನೆಲದಲ್ಲಿ ಮೊದಲು ಲೆಕ್ಕ ಮಾಡಿದವರ ಹೆಸರು ನಮಗೆ ಗೊತ್ತಿಲ್ಲ, ಲೆಕ್ಕ ಮಾತ್ರ ಉಳಿದಿದೆ.

ಹೆಸರು ಗೊತ್ತಿರುವವರೂ ಇದ್ದಾರೆ. ಕಾಗಿಣಾ ನದಿಯ ದಂಡೆಯ ಮಳಖೇಡ ನಮಗೆ ದೂರದ ಊರೇನಲ್ಲ. ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದಾಗ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ ಮಹಾವೀರಾಚಾರ್ಯ ಎಂಬ ಜೈನ ಪಂಡಿತ ‘ಗಣಿತಸಾರಸಂಗ್ರಹ’ ಬರೆದ. ಆ ತನಕ ಜ್ಯೋತಿಷ, ಖಗೋಳದ ಗ್ರಂಥಗಳೊಳಗೆ ಒಂದು ಅಧ್ಯಾಯವಾಗಿ ಬರುತ್ತಿದ್ದ ಗಣಿತಕ್ಕೆ ಅವನು ಬೇರೆ ಮನೆ ಕಟ್ಟಿಕೊಟ್ಟ. ನಾವು ಶಾಲೆಯಲ್ಲಿ ಲ.ಸಾ.ಅ. ಎಂದು ಕಲಿಯುತ್ತೇವಲ್ಲ, ಭಿನ್ನರಾಶಿ ಕೂಡಿಸಲು ಅದನ್ನು ಬಳಸುವ ಕ್ರಮವನ್ನು ‘ನಿರುದ್ಧ’ ಎಂಬ ಹೆಸರಿನಲ್ಲಿ ಅವನು ವಿವರಿಸಿದ್ದಾನೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದು ತಪ್ಪನ್ನೂ ಬರೆದಿದ್ದಾನೆ. ನಮ್ಮ ಎಂಟನೇ ಇಯತ್ತೆಯ ಮಕ್ಕಳು ಇವತ್ತಿಗೂ ಅದನ್ನೇ ಬರೆಯುತ್ತಾರೆ. ದೊಡ್ಡವರ ಜೊತೆಗೆ ತಪ್ಪಿದರೆ ಅವಮಾನವೇನೂ ಇಲ್ಲ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಹೊರತಂದರು. ಪ್ರೊ. ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂತು. ಅಂದರೆ ನಮ್ಮ ನೆಲದ ಪುಸ್ತಕ ನಮ್ಮ ಭಾಷೆಯಲ್ಲಿ ಅಚ್ಚಾಗಿ ಸಿಗಲು ಸಾವಿರದ ನೂರೈವತ್ತು ವರ್ಷ ಹಿಡಿಯಿತು.

ಅದೇ ಕಾಲಕ್ಕೆ ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಇದ್ದರು. ಹಿಂದೂಸ್ಥಾನದ ಅಂಕಿಗಳಲ್ಲಿ ಲೆಕ್ಕ ಮಾಡುವ ಬಗೆಯನ್ನು ಅರಬಿಯಲ್ಲಿ ಬರೆದವರು ಅವರು. ಬೀಜಗಣಿತಕ್ಕೆ ಆಲ್ಜೀಬ್ರಾ ಎಂಬ ಹೆಸರು ಬಂದದ್ದು ಅವರ ಗ್ರಂಥದ ‘ಅಲ್ ಜಬ್ರ್’ ಎಂಬ ಮಾತಿನಿಂದ. ಮುರಿದದ್ದನ್ನು ಮತ್ತೆ ಕೂಡಿಸುವುದು ಎಂದು ಅದರ ಅರ್ಥ, ಮುರಿದ ಮೂಳೆ ಕೂಡಿಸುವುದಕ್ಕೂ ಅದೇ ಮಾತು. 851ರ ಒಂದು ಅರಬಿ ವೃತ್ತಾಂತ, ವ್ಯಾಪಾರಿ ಸುಲೈಮಾನನ ಹೆಸರಿನಲ್ಲಿ ಪ್ರಸಿದ್ಧವಾದದ್ದು, ಜಗತ್ತಿನ ನಾಲ್ಕು ದೊಡ್ಡ ಅರಸರಲ್ಲಿ ‘ಬಲ್ಹರಾ’ನನ್ನು ಎಣಿಸುತ್ತದೆ. ಬಲ್ಹರಾ ಎಂದರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟ ದೊರೆ. ಮಹಾವೀರನೂ ಖ್ವಾರಿಝ್ಮಿಯೂ ಒಬ್ಬರ ಹೆಸರನ್ನು ಒಬ್ಬರು ಕೇಳಿದ್ದಕ್ಕೆ ಆಧಾರವಿಲ್ಲ. ಹಡಗಿನಲ್ಲಿ ಸರಕು ತಂದವರು ಮಾತ್ರ ಎರಡೂ ಕಡೆಯ ಅಂಕಿಗಳನ್ನು ಬಲ್ಲವರಾಗಿದ್ದರು.

ಹನ್ನೆರಡನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲೇ ಬರೆದ. ಸಭೆಗಳಲ್ಲಿ ಈ ಹೆಸರುಗಳನ್ನು ಹೇಳಿ ಚಪ್ಪಾಳೆ ಗಿಟ್ಟಿಸುವವರನ್ನು ಬಹಳ ಕಂಡಿದ್ದೇನೆ. ನನಗೂ ಹೆಮ್ಮೆಯಿದೆ. ಆದರೆ ಮಳಖೇಡದ ಪಂಡಿತನಿಂದ ಸುರಪುರದ ಬೇಡರ ಹುಡುಗನಿಗೆ, ಯಾದಗಿರಿಯ ನೇಕಾರರ ಹುಡುಗಿಗೆ ಲೆಕ್ಕ ದಾಟಿ ಬಂತೇ ಎಂಬುದು ಬೇರೆ ಪ್ರಶ್ನೆ. ಊರಲ್ಲಿ ಇದ್ದದ್ದು ಐಗಳ ಮಠ, ಮಸೀದಿಯ ಮಕ್ತಬ್. ಐಗಳ ಮಠದಲ್ಲಿ ಮರಳಿನ ಮೇಲೆ ಬೆರಳಾಡಿಸಿ ಮಗ್ಗಿ ಕಲಿಸುತ್ತಿದ್ದರು. ಬರೀ ಎರಡರ ಮಗ್ಗಿಯಲ್ಲ, ಕಾಲು, ಅರ್ಧ, ಮುಕ್ಕಾಲು, ಸವ್ವಾ, ದೀಡದ ಮಗ್ಗಿ ಕೂಡ. ಬಾಯಿಪಾಠ ಗಟ್ಟಿ, ಯಾಕೆ ಎಂದು ಕೇಳುವ ಪದ್ಧತಿ ಇರಲಿಲ್ಲ. ಆ ಮಠದೊಳಗೆ ಕೂರಲು ಎಲ್ಲ ಜಾತಿಯ ಮಕ್ಕಳಿಗೆ ಜಾಗವೂ ಇರಲಿಲ್ಲ.

ಸುರಪುರಕ್ಕೆ ಹೊಸ ವಿದ್ಯೆ ಬಂದ ಕಥೆ ಕೇಳುವಂಥದ್ದು. 1840ರ ದಶಕದ ಆರಂಭದಲ್ಲಿ ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್ ಬ್ರಿಟಿಷರ ಅಧಿಕಾರಿಯಾಗಿ ಸುರಪುರ ಸಂಸ್ಥಾನಕ್ಕೆ ಬಂದ. ದೊಡ್ಡ ಶಾಲೆ ಕಾಲೇಜು ಕಂಡವನಲ್ಲ. ಕಟ್ಟಡ, ರಸ್ತೆ, ಭೂಮಿ ಅಳತೆ ಎಲ್ಲವನ್ನೂ ಕೆಲಸ ಮಾಡುತ್ತಲೇ ಕಲಿತವನು. ಗುಡ್ಡದ ಮೇಲೆ ಅವನು ತಾನೇ ನಕ್ಷೆ ಹಾಕಿ ಕಟ್ಟಿಸಿದ ಟೇಲರ್ ಮಂಜಿಲ್ ಈಗಲೂ ಇದೆ. ವಿಭೂತಿಹಳ್ಳಿ, ರಾಜನಕೋಳೂರುಗಳ ಕಲ್ಲುಗಳನ್ನು ನೋಡಿ, ಅವುಗಳ ಬಗ್ಗೆ ಬರೆದು ವಿದ್ವತ್ ಲೋಕದ ಗಮನಕ್ಕೆ ತಂದವನೂ ಅವನೇ. ಬಾಲಕ ದೊರೆ ವೆಂಕಟಪ್ಪ ನಾಯಕನ ಶಿಕ್ಷಣದ ಹೊಣೆ ಅವನ ಮೇಲೆ ಬಿತ್ತು. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನಂತೆ.

ಅರಮನೆಯಲ್ಲಿ ಇನ್ನೊಂದು ಲೆಕ್ಕವೂ ನಡೆದಿತ್ತು. ದೊರೆ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಸಾಯುತ್ತಾನೆಂದು ಜ್ಯೋತಿಷಿಗಳು ಜಾತಕ ಬರೆದಿಟ್ಟಿದ್ದರು. ಟೇಲರ್ 1853ರಲ್ಲಿ ಸುರಪುರ ಬಿಟ್ಟ. 1858ರಲ್ಲಿ ವೆಂಕಟಪ್ಪ ನಾಯಕ ಕಂಪನಿ ಸರಕಾರದ ವಿರುದ್ಧ ಎದ್ದು, ಸೆರೆಸಿಕ್ಕಿ, ಗುಂಡಿನಿಂದ ಪ್ರಾಣ ಬಿಟ್ಟ. ಜಾತಕ ನಿಜವಾಯಿತೆಂದು ಜನ ಹೇಳಿದರು, ಟೇಲರನೂ ತನ್ನ ಆತ್ಮಕಥೆಯಲ್ಲಿ ಬೆರಗಿನಿಂದಲೇ ಬರೆದಿದ್ದಾನೆ. ನನಗೆ ಕಾಡುವುದು ಬೇರೆ. ಒಬ್ಬ ರಾಜಕುಮಾರನಿಗೆ ಒಬ್ಬ ಗುರು ಸಿಕ್ಕಿದ್ದ. ಅವನ ಪ್ರಜೆಗಳ ಮಕ್ಕಳಿಗೆ ಗುರು ಸಿಗುವ ಮೊದಲೇ ಸಂಸ್ಥಾನ ಮುಗಿಯಿತು. 1860ರಲ್ಲಿ ಸುರಪುರವನ್ನು ನಿಜಾಮರಿಗೆ ಕೊಟ್ಟರು. ಮೊದಲು ಲಿಂಗಸುಗೂರು ಜಿಲ್ಲೆ, 1905ರಲ್ಲಿ ಅದು ರದ್ದಾದ ಮೇಲೆ ಶಹಾಪುರ, ಸುರಪುರಗಳು ಗುಲ್ಬರ್ಗಕ್ಕೆ ಸೇರಿದವು. ಜಿಲ್ಲೆಯ ಹೆಸರು ಬದಲಾಗುತ್ತಾ ಹೋಯಿತು.

ಹೈದರಾಬಾದಿನ ಮಾತು ಬಂದಾಗ ನಮ್ಮವರು ಎರಡು ಬಗೆಯಲ್ಲಿ ತಪ್ಪುತ್ತಾರೆ. ಕೆಲವರಿಗೆ ಅದು ಬರೀ ಕತ್ತಲೆ, ಕೆಲವರಿಗೆ ಬರೀ ಬೆಳಕು. ಗಣಿತದ ವಿಷಯದಲ್ಲಿ ಎರಡೂ ಇತ್ತು. ಪಾಯಗಾ ನವಾಬ ಶಂಸುಲ್ ಉಮರಾ 1834ರಲ್ಲಿ ಮದರಸ-ಎ-ಫಖ್ರಿಯಾ ತೆರೆದು, ಪಾಶ್ಚಾತ್ಯ ವಿಜ್ಞಾನ, ಗಣಿತದ ಪುಸ್ತಕಗಳನ್ನು ಉರ್ದುವಿಗೆ ತರಿಸಿ, ತನ್ನದೇ ಕಲ್ಲಚ್ಚಿನ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದ. 1880ರ ದಶಕದಲ್ಲಿ ಫಾರಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಯಿತು. 1917ರಲ್ಲಿ ದಾರುತ್ತರ್ಜುಮಾ ಎಂಬ ಅನುವಾದ ಸಂಸ್ಥೆ, 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದವು. ಉನ್ನತ ಗಣಿತವನ್ನು ಈ ದೇಶದ ಒಂದು ಭಾಷೆಯಲ್ಲಿ ಬಿ.ಎ., ಎಂ.ಎ. ತನಕ ಕಲಿಸಬಹುದೆಂದು ತೋರಿಸಿಕೊಟ್ಟ ಸಾಹಸ ಅದು. ಅಲ್ಲಿ ಓದಿದ ರಝಿಯುದ್ದೀನ್ ಸಿದ್ದೀಖಿ ಕೇಂಬ್ರಿಜ್‌ಗೆ ಹೋಗಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ ಡಾಕ್ಟರೇಟ್ ಪಡೆದು, 1931ರಲ್ಲಿ ಉಸ್ಮಾನಿಯಾಕ್ಕೆ ಗಣಿತದ ಅಧ್ಯಾಪಕರಾಗಿ ಮರಳಿದರು. ಭಾಷೆ ಅವರಿಗೆ ಅಡ್ಡ ಬರಲಿಲ್ಲ.

ಅಡ್ಡ ಬಂದದ್ದು ಶಹಾಪುರದ ಕನ್ನಡ ಮಕ್ಕಳಿಗೆ. ಕೆಳಗಿನ ತರಗತಿಗಳನ್ನು ಹೇಗೋ ಮನೆಮಾತಿನಲ್ಲಿ ಮುಗಿಸಿದ ಮಗು ಮುಂದಕ್ಕೆ ಹೋದ ಹಾಗೆ ಲೆಕ್ಕವನ್ನು ಉರ್ದುವಿನಲ್ಲಿ ಕಲಿಯಬೇಕಿತ್ತು. ತ್ರಿಭುಜ ‘ಮುಸಲ್ಲಸ್’ ಆಗುತ್ತಿತ್ತು, ಭಿನ್ನರಾಶಿ ‘ಕಸ್ರ್’, ಗುಣಾಕಾರ ‘ಝರ್ಬ್’, ಲ.ಸಾ.ಅ. ‘ಝೂ ಅಝ್ಆಫ್ ಅಕಲ್’. ತಹತಾನಿಯಾ, ವಸ್ತಾನಿಯಾ, ಫೌಖಾನಿಯಾ ಎಂದು ಶಾಲೆಗಳ ಮೂರು ಮೆಟ್ಟಿಲು; ಪ್ರತಿ ಮೆಟ್ಟಿಲಿನಲ್ಲೂ ಕನ್ನಡದ ಮಕ್ಕಳು ಉದುರುತ್ತಿದ್ದರು. 1907ರಲ್ಲಿ ಗುಲ್ಬರ್ಗದಲ್ಲಿ ನೂತನ ವಿದ್ಯಾಲಯ ಹುಟ್ಟಿದ್ದು ಇಂಥ ಕೊರತೆಯನ್ನು ಕಂಡೇ. ಇದನ್ನು ಮುಸಲ್ಮಾನನಾದ ನಾನು ಬರೆಯಬೇಕು. ಉರ್ದು ನನ್ನ ತಾಯಿಭಾಷೆ, ನನ್ನ ಮೊದಲ ಅಂಕಿಗಳು ಉರ್ದುವಿನವು. ಆದರೆ ಒಂದು ಭಾಷೆಯ ಹಿರಿಮೆಗಾಗಿ ಇನ್ನೊಂದು ಭಾಷೆಯ ಮಗುವಿನ ಲೆಕ್ಕ ತಪ್ಪಿಸಿದ್ದನ್ನು ಸರಿ ಎನ್ನಲಾರೆ. ಹಾಗೆಂದು ಎಲ್ಲ ಮುಸಲ್ಮಾನರ ಮಕ್ಕಳೂ ಕಲಿತು ಮುಂದೆ ಬಂದರೆಂದಲ್ಲ. ಹಳ್ಳಿಯ ಪಿಂಜಾರ, ಕಸಾಯಿ, ಕೂಲಿಗಳ ಮನೆಯ ಮಕ್ಕಳು ವಸ್ತಾನಿಯಾದ ಬಾಗಿಲು ಕಂಡದ್ದು ಕಡಿಮೆ.

ಶಾಲೆಯ ಹೊರಗೆ ಮಾತ್ರ ಲೆಕ್ಕ ಬಲು ಜೋರಾಗಿತ್ತು. 1871ಕ್ಕೆ ಮುಂಬಯಿಯಿಂದ ರಾಯಚೂರಿಗೆ ರೈಲು ಬಂದಾಗ ಯಾದಗಿರಿ ದಾರಿಯ ಸ್ಟೇಷನ್ನಾಯಿತು. ಹತ್ತಿ, ಶೇಂಗಾ, ಜೋಳದ ಅಡತ್ ಅಂಗಡಿಗಳು ಬೆಳೆದವು. ನಿಜಾಮರ ನಾಣ್ಯ ಹಾಲಿ ಸಿಕ್ಕಾ, ಬ್ರಿಟಿಷರ ನಾಣ್ಯ ಕಲದಾರ್. ಆರು ಕಲದಾರಕ್ಕೆ ಏಳು ಹಾಲಿ. ನೂರು ಕಲದಾರ್ ಎಂದರೆ ನೂರಾ ಹದಿನಾರು ರೂಪಾಯಿ ಹತ್ತಾಣೆ ಎಂಟು ಪೈ ಹಾಲಿ. ಅದರ ಮೇಲೆ ಫಸಲಿ ಸಾಲು. ಫಸಲಿಗೆ ಐನೂರಾ ತೊಂಬತ್ತು ಕೂಡಿಸಿದರೆ ಇಸವಿ. ಹಿಜರಿ ಬೇರೆ, ಶಕೆ ಬೇರೆ. ಪಲ್ಲಾ, ಮಣ, ಸೇರು. ಇಷ್ಟನ್ನೂ ತಲೆಯಲ್ಲಿ ಇಟ್ಟುಕೊಂಡು ಅಡತಿಯ ಮುನೀಮ ಬೆರಳ ಗಿಣ್ಣು ಎಣಿಸುತ್ತಾ ರೈತನಿಗೆ ಪಟ್ಟಿ ಬರೆದುಕೊಡುತ್ತಿದ್ದ. ರೈತನಿಗೆ ಅರ್ಥವಾದರೆ ಆಯಿತು, ಆಗದಿದ್ದರೆ ಅದೂ ಮುನೀಮನ ಲೆಕ್ಕಕ್ಕೇ ಸೇರುತ್ತಿತ್ತು.

ನನ್ನ ದಾದಾ ಅಂಥ ಮುನೀಮರಾಗಿದ್ದರು. ಆದರೆ ಅವರು ಮುನೀಮರಾಗಿ ಹುಟ್ಟಿದವರಲ್ಲ, ಒಂದು ವಸ್ತಾನಿಯಾ ಮದರಸಾದಲ್ಲಿ ರಿಯಾಝಿಯ, ಅಂದರೆ ಗಣಿತದ, ಉಸ್ತಾದರಾಗಿದ್ದವರು. ಇದನ್ನು ನಮಗೆ ಹೇಳಿದ್ದು ಅವರಲ್ಲ, ದಾದಿ. 1948ರ ಸೆಪ್ಟೆಂಬರಿನ ಪೊಲೀಸ್ ಆಕ್ಷನ್ ಆದ ಮೇಲೆ ದಾದಾ ಶಾಲೆಯ ಕಡೆಗೆ ಮರಳಿ ಹೋಗಲಿಲ್ಲ. ಆ ವರ್ಷ ನಮ್ಮ ಸೀಮೆಯಲ್ಲಿ ಮೊದಲು ರಝಾಕಾರರಿಂದಲೂ ಆಮೇಲೆ ಅದಕ್ಕೆ ಎದುರಾಗಿಯೂ ನಡೆದದ್ದು ಏನೆಂದು ಹಿರಿಯರಿಗೆ ಗೊತ್ತು. ನೆಹರೂ ಅವರು ಕಳಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ ಎಣಿಸಿತ್ತು. ಆ ವರದಿ ಸಾಮಾನ್ಯರ ಕಣ್ಣಿಗೆ ಬಿದ್ದದ್ದು 2013ರಲ್ಲಿ. ದಾದಾ ಯಾದಗಿರಿಯ ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾ ಮುದುಕರಾದರು. ಅವರ ರಿಯಾಝಿಯ ಪುಸ್ತಕಗಳು ತಗಡಿನ ಸಂದೂಕದಲ್ಲಿ ಉಳಿದವು.

ಅವರೊಬ್ಬರ ಕಥೆಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಉಸ್ಮಾನಿಯಾ ಉರ್ದು ಬಿಟ್ಟು ಇಂಗ್ಲಿಷಿಗೆ ಹೊರಳಿತು. ರಝಿಯುದ್ದೀನ್ ಸಿದ್ದೀಖಿ 1950ರಲ್ಲಿ ಪಾಕಿಸ್ತಾನಕ್ಕೆ ಹೋದರು. ಉರ್ದುವಿನಲ್ಲಿ ಗಣಿತ ಕಲಿತು ಕಲಿಸುತ್ತಿದ್ದ ಒಂದು ತಲೆಮಾರಿನ ವಿದ್ಯೆ ಚಲಾವಣೆ ತಪ್ಪಿದ ನಾಣ್ಯವಾಯಿತು. ಹಾಲಿ ಸಿಕ್ಕಾಕ್ಕಾದರೂ ಬದಲಿ ದರವೊಂದು ಇತ್ತು, ಆರಕ್ಕೆ ಏಳು. ‘ಮುಸಲ್ಲಸ್’ ಬಲ್ಲ ಮಾಸ್ತರನಿಗೆ ‘ತ್ರಿಭುಜ’ ಕಲಿಸಿ, ತರಬೇತಿ ಕೊಟ್ಟು, ಅದೇ ಶಾಲೆಯಲ್ಲಿ ಉಳಿಸಿಕೊಳ್ಳಬಹುದಿತ್ತು. ಅಷ್ಟು ತಾಳ್ಮೆ ಆ ದಿನಗಳಲ್ಲಿ ಯಾರಿಗೂ ಇರಲಿಲ್ಲ. ಇತ್ತ ಕನ್ನಡದಲ್ಲಿ ಗಣಿತ ಕಲಿಸಬಲ್ಲವರು ಆ ಹೊತ್ತಿಗೆ ಇನ್ನೂ ತಯಾರಾಗಿರಲಿಲ್ಲ, ಯಾಕೆಂದರೆ ಅವರನ್ನು ತಯಾರು ಮಾಡುವ ಶಾಲೆಗಳೇ ಕಡಿಮೆಯಿದ್ದವು. 1956ರ ನವೆಂಬರ್ 1ರಂದು ಗುಲ್ಬರ್ಗ, ರಾಯಚೂರು, ಬೀದರ್‌ಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ನಾವು ಕೂಡಿಕೊಂಡದ್ದು ಖಾಲಿ ಕುರ್ಚಿಗಳ ಸಮೇತ.

ಆ ಕುರ್ಚಿಗಳಲ್ಲಿ ಧಾರವಾಡ, ವಿಜಾಪುರ, ಮೈಸೂರು ಕಡೆಯ ಮಾಸ್ತರರು ಬಂದು ಕೂತರು. ಅವರಲ್ಲಿ ಪುಣ್ಯಾತ್ಮರು ಬಹಳ. ಬಾಡಿಗೆ ಖೋಲಿಯಲ್ಲಿದ್ದು, ಸಂಜೆ ಲಾಟೀನು ಹಚ್ಚಿ ಹುಡುಗರಿಗೆ ಲೆಕ್ಕ ಹೇಳಿಕೊಟ್ಟ ಮಾಸ್ತರರ ನೆನಪನ್ನು ಸುರಪುರದ ಹಿರಿಯರು ಇಂದಿಗೂ ತೆಗೆಯುತ್ತಾರೆ. ಆದರೆ ರಾಜ್ಯದ ಕಚೇರಿಗಳಲ್ಲಿ ನಮ್ಮ ಸೀಮೆಗೊಂದು ಹೆಸರು ಬಿದ್ದುಹೋಗಿತ್ತು. ಬಿಸಿಲು, ನೀರಿಲ್ಲ, ರಸ್ತೆಯಿಲ್ಲ. ತಪ್ಪು ಮಾಡಿದ ನೌಕರನನ್ನು ಕಳಿಸುವ ಜಾಗ. ಶಿಕ್ಷೆಯಾಗಿ ಬಂದವನಿಗೆ ಶಿಕ್ಷಣ ಕೊಡುವ ಮನಸ್ಸು ಎಲ್ಲಿಂದ ಬರಬೇಕು? ಬಂದ ದಿನವೇ ವರ್ಗಾವಣೆಯ ಅರ್ಜಿ ಬರೆಯುತ್ತಿದ್ದ.

ನಾನು ಉರ್ದು ಪ್ರಾಥಮಿಕ ಶಾಲೆ ಮುಗಿಸಿ ಕನ್ನಡ ಹೈಸ್ಕೂಲಿಗೆ ಸೇರಿದ್ದು ತೊಂಬತ್ತರ ದಶಕದಲ್ಲಿ. ಉರ್ದುವನ್ನು ಬಲದಿಂದ ಎಡಕ್ಕೆ ಬರೆಯುತ್ತೇವೆ, ಆದರೆ ಅಂಕಿಗಳನ್ನು ಎಡದಿಂದ ಬಲಕ್ಕೆ. ಆ ಗೊಂದಲವನ್ನೇ ದಾಟಿಕೊಳ್ಳಲು ನನಗೆ ಎರಡು ವರ್ಷ ಹಿಡಿದಿತ್ತು. ಎಂಟನೇ ಇಯತ್ತೆಯಲ್ಲಿ ಗಣಿತದ ಮಾಸ್ತರರೇ ಇರಲಿಲ್ಲ. ಒಂಬತ್ತರಲ್ಲಿ ಹಿಂದಿ ಮಾಸ್ತರರು ಪ್ರಮೇಯಗಳನ್ನು ಓದಿ ಹೇಳಿದರು, ನಾವು ದೋಹೆಯ ಹಾಗೆ ಬಾಯಿಪಾಠ ಮಾಡಿದೆವು. ಅವರನ್ನು ದೂರಲಾರೆ, ತಮಗೆ ಬಾರದ ವಿಷಯವನ್ನು ನಾಚಿಕೆಯಿಂದ, ಪ್ರಾಮಾಣಿಕವಾಗಿ ಓದಿದ ಮನುಷ್ಯ. ಹತ್ತನೇ ಇಯತ್ತೆಯ ಸೆಪ್ಟೆಂಬರಿನಲ್ಲಿ ತೆಂಕಣ ಸೀಮೆಯಿಂದ ಯುವಕರೊಬ್ಬರು ಬಂದರು. ಸಮೀಕರಣವೆಂದರೆ ತಕ್ಕಡಿ ಎಂದು ಕಿರಾಣಿ ಅಂಗಡಿಯ ತಕ್ಕಡಿ ತಂದು ಮೇಜಿನ ಮೇಲಿಟ್ಟು ತೋರಿಸಿದರು. ನಾಲ್ಕು ತಿಂಗಳು ನಾವು ಓಡೋಡಿ ಶಾಲೆಗೆ ಹೋದೆವು. ಜನವರಿಯಲ್ಲಿ ಅವರಿಗೆ ವರ್ಗವಾಯಿತು. ಪರೀಕ್ಷೆಯಲ್ಲಿ ನನಗೆ ಬಂದದ್ದು ನೂರಕ್ಕೆ ಮೂವತ್ತೆಂಟು. ಪಿಯುಸಿಗೆ ಕಲಾ ವಿಭಾಗಕ್ಕೆ ಹೋದೆ. ಮುಂದೆ ಕಥೆಗಾರನಾದೆ, ಸರಿ. ನನ್ನ ತರಗತಿಯ ಮಿಕ್ಕವರೆಲ್ಲ ಕಥೆ ಬರೆಯುತ್ತಿಲ್ಲ. ಪುಣೆ, ಬೆಂಗಳೂರುಗಳಲ್ಲಿ ಇಟ್ಟಿಗೆ 

ಹೊರುತ್ತಿದ್ದಾರೆ.

ದಾದಾ ಆಗ ಬದುಕಿದ್ದರು. ‘ಪೋರಾ, ಮುಸಲ್ಲಸ್ ಬೋಲೇ ತೋ ಇಚ್ ತ್ರಿಭುಜ’ ಎಂದು ಸಂದೂಕದ ಪುಸ್ತಕ ತೆಗೆದು ನನ್ನ ಕನ್ನಡ ಪುಸ್ತಕದ ಪಕ್ಕ ಇಡುತ್ತಿದ್ದರು. ನಾನು ಬೇಸರಪಟ್ಟು ಎದ್ದು ಹೋಗುತ್ತಿದ್ದೆ. ಮನೆಯಲ್ಲೇ ಇದ್ದ ಗಣಿತದ ಉಸ್ತಾದರನ್ನು ಬಿಟ್ಟು, ಸರಕಾರ ಮಾಸ್ತರರನ್ನು ಕಳಿಸಲಿಲ್ಲವೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಈಗಿನ ಸ್ಥಿತಿಗೆ ಬರೋಣ. ಇದು ಒಂದು ಗಾಣ. ಹಳ್ಳಿಯ ಕನ್ನಡ ಅಥವಾ ಉರ್ದು ಶಾಲೆಯಲ್ಲಿ ಗಣಿತದ ಮಾಸ್ತರರಿಲ್ಲದೆ ಕಲಿತ ಮಗು ಹತ್ತನೇ ಇಯತ್ತೆಯಲ್ಲಿ ಹೇಗೋ ಪಾಸಾಗುತ್ತದೆ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಅದು ಇಂಗ್ಲಿಷಿನಲ್ಲಿ. ಹೆದರಿ ಕಲೆಗೆ ಹೋಗುತ್ತದೆ. ಸುರಪುರದ ಪ್ರಭು ಕಾಲೇಜಿನಂಥಲ್ಲಿ ಬಿ.ಎಸ್ಸಿ. ಇದೆ, ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವಿದೆ; ಆದರೆ ಗಣಿತ ಓದಿ ಬಿ.ಎಡ್. ಮಾಡಿ ಮತ್ತೆ ಹಳ್ಳಿ ಶಾಲೆಗೆ ಬರುವವರು ಬೆರಳೆಣಿಕೆ. ಬಂದವರನ್ನು ಪಟ್ಟಣದ ಖಾಸಗಿ ಶಾಲೆ, ಟ್ಯೂಷನ್ ಸೆಂಟರ್ ಹಿಡಿದುಕೊಳ್ಳುತ್ತವೆ. ಹಾಗಾಗಿ ಮುಂದಿನ ಮಗುವಿಗೂ ಮಾಸ್ತರರಿಲ್ಲ. ಉರ್ದು ಮಾಧ್ಯಮದಲ್ಲಿ ಈ ಗಾಣ ಇನ್ನೂ ಬಿಗಿ. ಉರ್ದುವೂ ಬರಬೇಕು, ಗಣಿತವೂ ಬರಬೇಕು, ಬಿ.ಎಡ್. ಕೂಡ ಆಗಿರಬೇಕು ಎಂದರೆ ಜಿಲ್ಲೆಯಲ್ಲಿ ಎಷ್ಟು ಜನ ಸಿಕ್ಕಾರು?

ಇತಿಹಾಸ, ಸಮಾಜದ ಪಾಠ ಒಂದು ತಿಂಗಳು ತಪ್ಪಿದರೂ ಮುಂದಿನ ಪಾಠ ಅರ್ಥವಾದೀತು. ಗಣಿತದಲ್ಲಿ ಒಂದು ಮೆಟ್ಟಿಲು ತಪ್ಪಿದರೆ ಮೇಲಿನದು ಸಿಗುವುದಿಲ್ಲ. ನಮ್ಮಲ್ಲಿ ಮಾಸ್ತರರೂ ತಪ್ಪುತ್ತಾರೆ, ಮಕ್ಕಳೂ ತಪ್ಪುತ್ತಾರೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಟಂಟಂ ತುಂಬ ಮಕ್ಕಳು ಹೊಲಕ್ಕೆ ಹೋಗುತ್ತಾರೆ. ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮನ ಜೊತೆಗೆ ಗುಳೆ ಹೋಗುತ್ತಾರೆ. ಭಿನ್ನರಾಶಿಯ ಪಾಠ ಆದಾಗ ಆ ಮಗು ಬೆಂಗಳೂರಿನ ಶೆಡ್ಡಿನಲ್ಲಿ ತಮ್ಮನನ್ನು ಆಡಿಸುತ್ತಿರುತ್ತದೆ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ; ಹೆಂಗಸರದು ಶೇ. 41.38. ಮನೆಯಲ್ಲಿ ಹೇಳಿಕೊಡುವ ಅಮ್ಮ ಇಲ್ಲದ ಕಡೆ ಶಾಲೆಯ ಮಾಸ್ತರರೂ ಇಲ್ಲದಿರುವುದು ಎರಡು ಪಟ್ಟು ಕೊರತೆ.

ಸರಕಾರ ಏನೂ ಮಾಡಲಿಲ್ಲ ಎನ್ನುವುದು ಅನ್ಯಾಯವಾದೀತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಅದರಲ್ಲಿದ್ದವು. ಅದೇ ವರ್ಷಗಳಲ್ಲಿ ಅಝೀಮ್ ಪ್ರೇಮ್‌ಜಿ ಫೌಂಡೇಶನ್ ಸುರಪುರದ ಸರಕಾರಿ ಶಾಲೆಗಳಲ್ಲಿ ಮಕ್ಕಳಸ್ನೇಹಿ ಶಾಲೆಯ ಕೆಲಸ ಹಿಡಿಯಿತು. 2015ರ ಸುಮಾರಿಗೆ ಅಕ್ಷರ ಫೌಂಡೇಶನ್ನಿನ ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆಗಳು ನಮ್ಮ ಪ್ರಾಥಮಿಕ ಶಾಲೆಗಳಿಗೆ ಬಂದವು. ಮಣಿ, ಅಳತೆಪಟ್ಟಿ, ಭಿನ್ನರಾಶಿಯ ತುಂಡುಗಳಿದ್ದ ಒಳ್ಳೆಯ ಪೆಟ್ಟಿಗೆಗಳು. ಅವನ್ನು ಬಿಚ್ಚಿ ಆಡಿಸಲು ಮಾಸ್ತರರು ಬೇಕಿತ್ತು. ಆ ನಡುವೆ 2010ರ ಹೊತ್ತಿಗೆ ಯಾದಗಿರಿ ಬೇರೆ ಜಿಲ್ಲೆಯಾಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು.

2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿ, 2013ರ ಆದೇಶದೊಂದಿಗೆ, ನಮ್ಮ ಭಾಗದ ನೌಕರಿಗಳಲ್ಲಿ ಬಹುಪಾಲನ್ನು ಸ್ಥಳೀಯರಿಗೆ ಕಾದಿರಿಸಿತು. ಇದರಿಂದ ಸಾವಿರಾರು ಮನೆಗಳಿಗೆ ಒಳ್ಳೆಯದಾಗಿದೆ, ಅದನ್ನು ಒಪ್ಪದವನು ಕುರುಡ. ಆದರೆ ಗಣಿತದ ಕುರ್ಚಿಯಲ್ಲಿ ಕೂರಲು ಸ್ಥಳೀಯನೇ ಬೇಕೆಂದಾಗ, ಆ ಸ್ಥಳೀಯನನ್ನು ತಯಾರು ಮಾಡಿದ ಶಾಲೆ ಎಲ್ಲಿದೆ ಎಂಬ ಹಳೆಯ ಪ್ರಶ್ನೆ ಎದುರು ನಿಂತಿತು. 2022ರಲ್ಲಿ 6ರಿಂದ 8ನೇ ತರಗತಿಗಳಿಗಾಗಿ 15,000 ಪದವೀಧರ ಶಿಕ್ಷಕರ ನೇಮಕಕ್ಕೆ ಪರೀಕ್ಷೆ ನಡೆಯಿತು, 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೆ. ಆಯ್ಕೆ ಪಟ್ಟಿಯಲ್ಲಿ ಬಂದವರು ರಾಜ್ಯದಲ್ಲೆಲ್ಲ 13,363. ಹುದ್ದೆಯಿದೆ, ಹಣವಿದೆ, ಅರ್ಹರು ಸಾಲದು. ಆಮೇಲೆ ಅದೂ ಕೋರ್ಟಿನ ಮೆಟ್ಟಿಲು ಹತ್ತಿತು. ಇನ್ನು ವರ್ಗಾವಣೆ. ಶೇ. 25ಕ್ಕಿಂತ ಹೆಚ್ಚು ಹುದ್ದೆ ಖಾಲಿಯಿರುವ ತಾಲ್ಲೂಕಿನಿಂದ ಶಿಕ್ಷಕರನ್ನು ಹೊರಗೆ ಬಿಡಬಾರದೆಂಬ ನಿಯಮ ನಮ್ಮ ಮಕ್ಕಳ ಹಿತಕ್ಕಾಗಿ ಮಾಡಿದ್ದು. ಒಮ್ಮೆ ಒಳಗೆ ಬಂದರೆ ಹೊರಗೆ ದಾರಿಯಿಲ್ಲ ಎಂದು ತಿಳಿದವರು ಮೊದಲೇ ನಮ್ಮ ತಾಲ್ಲೂಕನ್ನು ಆರಿಸಿಕೊಳ್ಳುವುದಿಲ್ಲ. ನನ್ನ ಮಟ್ಟಿಗೆ, ಬೇಲಿ ಹಾಕುವುದಕ್ಕಿಂತ ಮನೆ ಕಟ್ಟಿಕೊಡುವುದು ಮೇಲು. ಹಳ್ಳಿಯ ಶಿಕ್ಷಕಿಗೆ ಇರಲು ಒಂದು ಸರಿಯಾದ ವಸತಿ ಎಂದು ಯಾವ ಸಮಿತಿಯನ್ನೂ ಕೇಳದೆ ಹೇಳಬಹುದು.

ಖಾಲಿ ಕುರ್ಚಿಗಳಲ್ಲಿ ಈಗ ಕೂತಿರುವವರು ಅತಿಥಿ ಶಿಕ್ಷಕರು. ಹೆಸರು ಚೆನ್ನಾಗಿದೆ. ಹತ್ತು ತಿಂಗಳ ಅತಿಥಿಗಳು, ತಿಂಗಳಿಗೆ ಹತ್ತು ಹನ್ನೆರಡು ಸಾವಿರದ ಗೌರವಧನ, ಅದೂ ಬಂದಾಗ ಬಂತು. ನನ್ನ ಆಪಾನ ಮಗಳು ಅಂಥ ಒಬ್ಬಳು. ಸುರಪುರದಲ್ಲಿ ಬಿ.ಎಸ್ಸಿ., ಕಲಬುರಗಿಯಲ್ಲಿ ಬಿ.ಎಡ್.; ಟಿಇಟಿಯೂ ಆಗಿದೆ. ಶಹಾಪುರ ತಾಲ್ಲೂಕಿನ ಹಳ್ಳಿಯೊಂದರ ಶಾಲೆಗೆ ದಿನಾ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು. ಕಳೆದ ವರ್ಷ ಮನೆಗೆ ಬಂದವಳು, ‘ಮಾಮೂ, ದಾದಾನ ಸಂದೂಕ ಎಲ್ಲದ?’ ಎಂದು ಕೇಳಿದಳು. ಅವಳು ಉರ್ದು ಓದಬಲ್ಲಳು. ಧೂಳು ಕೊಡವಿ ಒಂದು ಪುಸ್ತಕ ತೆಗೆದಳು. ಅದರ ಅಂಚಿನಲ್ಲಿ ದಾದಾ ಪೆನ್ಸಿಲಿನಿಂದ ಹಾಲಿ ಕಲದಾರಿನ ಲೆಕ್ಕ ಹಾಕಿಟ್ಟಿದ್ದರು. ಮರುವಾರ ಅವಳ ತರಗತಿಯಲ್ಲಿ ಅನುಪಾತದ ಪಾಠ ಶುರುವಾದದ್ದು ಆ ಲೆಕ್ಕದಿಂದ. ಹುಡುಗರು ಆರಕ್ಕೆ ಏಳರ ಹಾಗೆ ಹತ್ತಿಯ ದರವನ್ನೆಲ್ಲ ಬದಲಿಸಿ ನೋಡಿದರಂತೆ.

ಫೆಬ್ರವರಿಯಲ್ಲಿ ಅವರನ್ನು ವಿಭೂತಿಹಳ್ಳಿಗೆ ಕರೆದುಕೊಂಡು ಹೋದಳು. ನಾನೂ ಹೋಗಿದ್ದೆ. ಕಲ್ಲುಗಳಲ್ಲಿ ಕೆಲವು ಜಾಗ ಬಿಟ್ಟಿವೆ, ನಡುವೆ ಜಾಲಿ ಬೆಳೆದಿದೆ. ಆದರೂ ಮಕ್ಕಳು ಹಗ್ಗ ಹಿಡಿದು ಎರಡು ಕಲ್ಲುಗಳ ನಡುವಿನ ದೂರ ಅಳೆದರು, ಓರೆಯ ದೂರವನ್ನೂ ಅಳೆದರು, ನೆಲದ ಮೇಲೆ ಕಡ್ಡಿಯಿಂದ ವರ್ಗ ಬರೆದರು. ಪೈಥಾಗೊರಸನ ಹೆಸರನ್ನು ಅವಳು ಹೇಳಲಿಲ್ಲ. ಒಬ್ಬ ಹುಡುಗಿ, ದುಪಟ್ಟಾದಲ್ಲಿ ಬೆವರು ಒರೆಸಿಕೊಳ್ಳುತ್ತಾ, ‘ಟೀಚರ್, ಇದು ಬರಾಬ್ಬರಿ ಬರ್ತದಲ್ರಿ’ ಎಂದಳು. ಸುಮಾರಾಗಿ ಬಂದಿತ್ತು, ಒಂದು ಗೇಣಿನ ವ್ಯತ್ಯಾಸ. ಆ ಒಂದು ಗೇಣು ಯಾಕೆ ಬಂತು ಎಂದು ಆಮೇಲೆ ಅರ್ಧ ಗಂಟೆ ಅಲ್ಲೇ ಬಿಸಿಲಲ್ಲಿ ಚರ್ಚೆ ನಡೆಯಿತು.

ಮಾರ್ಚ್ ಕೊನೆಗೆ ಅವಳ ಹತ್ತು ತಿಂಗಳು ಮುಗಿಯಿತು. ಜೂನಿನಲ್ಲಿ ಮತ್ತೆ ಕರೆ ಬಂತು. ಬೇರೆ ಊರಿನ ಬೇರೆ ಶಾಲೆಗೆ.